ಸರ್ವಿಸ್ ಕೌಂಟರಿಗೂ ಭಾಷಾ ಪಾಠಕ್ಕೂ ಇರುವ ನಂಟು

(ಸಂಘದ ವೃತ್ತಿ ಮಾರ್ಗದರ್ಶನ ಶಿಬಿರದಲ್ಲಿ ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಮತ್ತು ಐ.ಟಿ.ಐ. ವಿದ್ಯಾರ್ಥಿಗಳು ಹಾಗೂ ಪೋಷಕರನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ಬೆಳಿಗ್ಗೆಯಿಂದ ಈ ವೇದಿಕೆಯಲ್ಲಿ ವೈದ್ಯಕೀಯ, ಇಂಜಿನಿಯರಿಂಗ್, ಬ್ಯಾಂಕ್ ಪರೀಕ್ಷೆ, ಸರಕಾರಿ ನೌಕರಿ ಇವುಗಳ ಬಗ್ಗೆ ಬಲ್ಲವರು ಮಾತನಾಡಿದ್ದಾರೆ. ನನಗೆ ಕೊಟ್ಟಿರುವ ವಿಷಯ, ಕಾರು ಡೀಲರುಗಳ ಸರ್ವಿಸ್ ವಿಭಾಗದಲ್ಲಿ ಗಿರಾಕಿಗಳೊಡನೆ ವ್ಯವಹರಿಸುವ ಸಿಬ್ಬಂದಿಗೆ ಬೇಕಾದ ತರಬೇತಿ. ಉರ್ದು, ಕನ್ನಡ ಕಲಿಸುವ ಮೇಷ್ಟ್ರಿಗೂ ಕಾರಿಗೂ ಏನು ಸಂಬಂಧ ಎಂದು ಹಿಂದಿನ ಸಾಲಿನಲ್ಲಿ ಯಾರೋ ನಕ್ಕ ಹಾಗಿತ್ತು. ಸಂಬಂಧ ಇದೆ. ಶಿವಮೊಗ್ಗದ ಒಂದು ಕಾರು ಡೀಲರ್ ಸಂಸ್ಥೆಯವರು, ತಮ್ಮ ಸರ್ವಿಸ್ ಕೌಂಟರಿನ ಹುಡುಗರಿಗೆ ಕನ್ನಡದಲ್ಲೂ ಹಿಂದಿ-ಉರ್ದುವಿನಲ್ಲೂ ಸರಿಯಾಗಿ ಮಾತನಾಡುವುದನ್ನು ಕಲಿಸಿಕೊಡಿ ಎಂದು ಕೇಳಿಕೊಂಡಿದ್ದರು. ಎರಡು ಬೇಸಿಗೆ ರಜೆಗಳಲ್ಲಿ ಸಂಜೆ ಹೊತ್ತು ಅಲ್ಲಿಗೆ ಹೋಗಿ ಪಾಠ ಮಾಡಿದ್ದೇನೆ. ಆ ಕೌಂಟರಿನ ಈಚೆ ಬದಿ ಕುಳಿತು ನೋಡಿದಾಗ ನನಗೆ ಅನ್ನಿಸಿದ್ದು ಒಂದೇ ಮಾತು: ಈ ಉದ್ಯೋಗದಲ್ಲಿ ಮುಕ್ಕಾಲು ಪಾಲು ಭಾಷೆಯ ಕೆಲಸ. ಅದನ್ನು ಶಾಲೆಯಲ್ಲೇ ಕಲಿಸಬಹುದು. ಕಲಿಸದೇ ಇರುವುದರಿಂದ ನಮ್ಮ ಮಕ್ಕಳು ಕಳೆದುಕೊಳ್ಳುತ್ತಿರುವುದು ಸಣ್ಣದಲ್ಲ.

ಗ್ಯಾರೇಜಿನ ಕೆಲಸ ನಮ್ಮ ಎಷ್ಟೋ ಮನೆಗಳಿಗೆ ಅನ್ನ ಕೊಟ್ಟಿರುವ ಕೆಲಸ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಇರಲಿ, ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರ ಇರಲಿ, ಅಲ್ಲಿ ಪಾನಾ ಹಿಡಿದ ಕೈಗಳಲ್ಲಿ ನಮ್ಮ ಅಣ್ಣ ತಮ್ಮಂದಿರ, ಚಿಕ್ಕಪ್ಪ ಮಾವಂದಿರ ಕೈಗಳು ಬಹಳ ಇವೆ. ಹತ್ತು ವರ್ಷದ ಹುಡುಗನಾಗಿ ಗ್ಯಾರೇಜು ಸೇರಿ, ಶಾಲೆಯ ಮುಖ ಕಾಣದೆ, ಇಂಜಿನ್ನಿನ ಸದ್ದು ಕೇಳಿದ ಮಾತ್ರಕ್ಕೇ ರೋಗ ಹೇಳುವ ಉಸ್ತಾದರನ್ನು ನೀವೂ ಕಂಡಿದ್ದೀರಿ. ಅವರ ವಿದ್ಯೆ ದೊಡ್ಡದು. ಆದರೆ ಅವರ ಹೊಟ್ಟೆಪಾಡಿನ ದಾರಿ ಈಗ ಬದಲಾಗುತ್ತಿದೆ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗೆ ಇಳಿಯಿತು. 1999ರ ಕೊನೆಯಲ್ಲಿ ನಮ್ಮ ಬಿಡದಿಯಲ್ಲೇ ಟೊಯೋಟಾ ಕಾರ್ಖಾನೆ ಉತ್ಪಾದನೆ ಶುರು ಮಾಡಿತು. ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ನಿಯಂತ್ರಣದ ಇಂಧನ ವ್ಯವಸ್ಥೆ ಬಂತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಬಿ.ಎಸ್. 6 ಮಾಲಿನ್ಯ ನಿಯಮ ಜಾರಿಗೆ ಬಂದ ಮೇಲೆ ಹೊಸ ವಾಹನಗಳಲ್ಲಿ ಸೆನ್ಸರುಗಳ ಸಂಖ್ಯೆ ಇನ್ನೂ ಹೆಚ್ಚಿದೆ. ಸ್ಕ್ಯಾನರ್ ಹಚ್ಚದೆ ಹಲವು ದೋಷಗಳು ಪತ್ತೆಯಾಗುವುದಿಲ್ಲ. ಹೊಸ ಕಾರು ಕೊಂಡವರು ವಾರಂಟಿ ಮುಗಿಯುವವರೆಗಾದರೂ ಡೀಲರ್ ಬಳಿಗೇ ಹೋಗುತ್ತಾರೆ. ಹೀಗಾಗಿ ನಮ್ಮ ಹುಡುಗರೂ ರಸ್ತೆ ಬದಿಯ ಗ್ಯಾರೇಜು ಬಿಟ್ಟು ಡೀಲರ್ ವರ್ಕ್‌ಶಾಪ್ ಸೇರುತ್ತಿದ್ದಾರೆ.

ಸೇರಿದ ಮೇಲೆ ಎಲ್ಲಿ ನಿಲ್ಲುತ್ತಾರೆ? ನಾನು ನೋಡಿದ ಕಡೆ ಲಿಫ್ಟಿನ ಕೆಳಗೆ ನಮ್ಮ ಹುಡುಗರು ಇದ್ದರು, ಕೌಂಟರಿನ ಹಿಂದೆ ಕಾಣಲಿಲ್ಲ. ಯಾರೂ ಬೇಡವೆಂದು ತಡೆದದ್ದಲ್ಲ. 'ಅಲ್ಲಿ ಬರೆಯಬೇಕು ಸಾರ್, ಮಾತಾಡಬೇಕು ಸಾರ್, ನಮ್ಮಿಂದ ಆಗಲ್ಲ' ಎಂದು ಅವರೇ ಹೇಳಿದರು. ಐ.ಟಿ.ಐ. ಮುಗಿಸಿ ನಾಲ್ಕು ವರ್ಷ ಅನುಭವ ಪಡೆದ ಹುಡುಗ ಹಾಗೆ ಹೇಳಿದಾಗ ಭಾಷಾ ಶಿಕ್ಷಕನಾದವನಿಗೆ ಹೇಗಾಗಬೇಡ!

ಕೌಂಟರಿನಲ್ಲಿ ಕೂರುವವರನ್ನು ಸರ್ವಿಸ್ ಅಡ್ವೈಸರ್ ಎನ್ನುತ್ತಾರೆ. ಗಿರಾಕಿಗೂ ಮೆಕ್ಯಾನಿಕ್‌ಗೂ ನಡುವೆ ನಿಲ್ಲುವವನು ಇವನೇ. ಹಳೆಯ ಗ್ಯಾರೇಜಿನಲ್ಲಿ ಗಾಡಿಯ ಯಜಮಾನ ನೇರವಾಗಿ ಉಸ್ತಾದರ ಪಕ್ಕದಲ್ಲೇ ನಿಂತು ಮಾತನಾಡುತ್ತಿದ್ದ. ಡೀಲರ್ ವರ್ಕ್‌ಶಾಪ್‌ನಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಬಂದವರನ್ನು ಬರಮಾಡಿಕೊಂಡು, ಅವರ ಜೊತೆಯಲ್ಲೇ ಗಾಡಿಯ ಸುತ್ತ ಒಂದು ಸುತ್ತು ಬಂದು, ಇರುವ ಗೀರು, ತಗ್ಗು, ಓಡಿದ ಕಿಲೋಮೀಟರು, ಇಂಧನದ ಮಟ್ಟ ಎಲ್ಲವನ್ನೂ ಗುರುತು ಹಾಕಿಕೊಳ್ಳಬೇಕು. ದೂರು ಕೇಳಿ ಜಾಬ್ ಕಾರ್ಡ್ ಬರೆಯಬೇಕು. ಖರ್ಚಿನ ಅಂದಾಜು ಮತ್ತು ಗಾಡಿ ಕೊಡುವ ಸಮಯ ತಿಳಿಸಿ ಸಹಿ ಪಡೆಯಬೇಕು. ಕೆಲಸದ ನಡುವೆ ಬೇರೆ ದೋಷ ಕಂಡರೆ ಫೋನ್ ಮಾಡಿ ಒಪ್ಪಿಗೆ ಕೇಳಬೇಕು. ಕೊನೆಗೆ ಏನು ಮಾಡಿದೆವು, ಯಾಕೆ ಮಾಡಿದೆವು ಎಂದು ಬಿಲ್ ಓದಿ ಹೇಳಿ ಕೀಲಿ ಕೊಡಬೇಕು. ಎರಡು ಮೂರು ದಿನ ಬಿಟ್ಟು ಗಾಡಿ ಸರಿಯಾಗಿದೆಯೇ ಎಂದು ಸಂಸ್ಥೆಯ ಕಡೆಯಿಂದ ಮತ್ತೆ ಫೋನ್ ಹೋಗುತ್ತದೆ.

ಈ ಪಟ್ಟಿಯಲ್ಲಿ ಪಾನಾ ಹಿಡಿಯುವ ಕೆಲಸ ಒಂದೂ ಇಲ್ಲ. ಆಲಿಸುವುದು, ಪ್ರಶ್ನಿಸುವುದು, ಬರೆಯುವುದು, ಓದಿ ಹೇಳುವುದು, ವಿವರಿಸುವುದು. ಭಾಷಾ ಶಿಕ್ಷಕರಾದ ನಾವು ಪಾಠ ಯೋಜನೆಯಲ್ಲಿ ಕೌಶಲಗಳು ಎಂದು ಬರೆಯುವುದು ಇವನ್ನೇ.

ಮೊದಲು ಆಲಿಸುವ ವಿಷಯ. ಆ ಸಂಸ್ಥೆಯಲ್ಲಿ ನಡೆದ ಒಂದು ಪ್ರಕರಣ ಹೇಳುತ್ತೇನೆ. ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕಾರು ತಂದು, 'ತೋಟದ ಗೇಟಿಗೆ ಪೂರ್ತಿ ತಿರುಗಿಸುವಾಗ ಮುಂದಿನ ಚಕ್ರದ ಹತ್ರ ಟಕ ಟಕ ಅಂತದೆ' ಎಂದರು. ಜಾಬ್ ಕಾರ್ಡಿನಲ್ಲಿ ಬಿದ್ದದ್ದು 'ಮುಂದೆ ಸೌಂಡ್, ಚೆಕ್ ಮಾಡಿ' ಎಂಬ ನಾಲ್ಕು ಪದ. ಒಳಗಿನ ಮೆಕ್ಯಾನಿಕ್ ಗಾಡಿಯನ್ನು ಹೊಂಡವಿರುವ ರಸ್ತೆಯಲ್ಲಿ ಓಡಿಸಿ ನೋಡಿ, ಸಸ್ಪೆನ್ಷನ್ನಿನ ಒಂದು ಲಿಂಕ್ ಬದಲಾಯಿಸಿದ. ಸದ್ದು ಹೋಗಲಿಲ್ಲ. ಅವರು ಅರವತ್ತು ಕಿಲೋಮೀಟರ್ ದಾರಿಯನ್ನು ಮೂರು ಸಲ ಓಡಾಡಬೇಕಾಯಿತು. ಮೂರನೆಯ ಸಲ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ, ಚಕ್ರಕ್ಕೆ ಶಕ್ತಿ ಸಾಗಿಸುವ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್ ಸವೆದಿರುವುದು ತಿಳಿಯಿತು. ಮೊದಲ ದಿನವೇ ಅವರು ಆಡಿದ ಮಾತನ್ನು ಹಾಗೆಯೇ ಬರೆದಿದ್ದರೆ ಲಿಫ್ಟಿನ ಕೆಳಗಿದ್ದ ಹುಡುಗನಿಗೆ ಓದಿದ ಕೂಡಲೇ ಹೊಳೆಯುತ್ತಿತ್ತು. ಗಿರಾಕಿ ಸರಿಯಾಗಿಯೇ ಹೇಳಿದ್ದರು, ಮೆಕ್ಯಾನಿಕ್‌ಗೂ ಕೆಲಸ ಗೊತ್ತಿತ್ತು. ನಡುವಿನ ಕಾಗದದಲ್ಲಿ ಮಾತು ಸತ್ತುಹೋಗಿತ್ತು.

ವಿದ್ಯಾರ್ಥಿಗಳೇ, ಕನ್ನಡ ವ್ಯಾಕರಣದಲ್ಲಿ ಅನುಕರಣಾವ್ಯಯ ಎಂದು ಓದುತ್ತೀರಿ. ಚಟಚಟ, ದಬದಬ, ಗುಡುಗುಡು. ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ ಎಂದು ಉರು ಹೊಡೆದು ಮರೆಯುತ್ತೀರಿ. ಸರ್ವಿಸ್ ಕೌಂಟರಿನಲ್ಲಿ ಅದಕ್ಕೆ ಸಾವಿರಾರು ರೂಪಾಯಿ ಬೆಲೆ. ಬ್ರೇಕ್ ಒತ್ತಿದಾಗ ಕೀಚ್ ಎಂದರೆ ಬ್ರೇಕ್ ಪ್ಯಾಡ್ ಸವೆದಿರುವ ಸಾಧ್ಯತೆ ಮೊದಲು ನೋಡಬೇಕು. ವೇಗ ಹೆಚ್ಚಿದಂತೆ ಗುಂಯ್ ಎನ್ನುವ ಸದ್ದೂ ಹೆಚ್ಚಿದರೆ ಚಕ್ರದ ಬೇರಿಂಗ್ ಕಡೆ ಗಮನ ಹೋಗಬೇಕು. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಕಿರ್ರ್ ಎಂದು ಸ್ವಲ್ಪ ಹೊತ್ತಿಗೆ ನಿಂತರೆ ಬೆಲ್ಟ್ ಸಡಿಲವೋ ಸವೆದಿದೆಯೋ ನೋಡಬೇಕು. ಸಣ್ಣ ಹೊಂಡಗಳ ಮೇಲೆ ಗಡಗಡ ಎಂದರೆ ಸಸ್ಪೆನ್ಷನ್ನಿನ ಬುಷ್, ಲಿಂಕ್‌ಗಳು. ಇವೆಲ್ಲ ಕೊನೆಯ ತೀರ್ಪಲ್ಲ, ಹುಡುಕಾಟದ ದಿಕ್ಕು. ಗಿರಾಕಿ ಗುಂಯ್ ಎಂದದ್ದನ್ನು ನೀವು ಬರೀ ಸೌಂಡ್ ಎಂದು ಬರೆದರೆ ಆ ದಿಕ್ಕೇ ಅಳಿಸಿಹೋಗುತ್ತದೆ. ಆದ್ದರಿಂದ ಈ ಕೆಲಸದ ಮೊದಲ ನಿಯಮ, ಗಿರಾಕಿಯ ದೂರನ್ನು ಗಿರಾಕಿಯ ಮಾತಿನಲ್ಲೇ ಬರೆಯಬೇಕು. ಬರೆದದ್ದನ್ನು ಅವರಿಗೇ ಓದಿ ಹೇಳಿ 'ಸರಿ ಇದೆಯಾ ಸಾರ್' ಎಂದು ಕೇಳಬೇಕು.

ಎರಡನೆಯದು ಪ್ರಶ್ನೆ ಕೇಳುವುದು. ಗಿರಾಕಿಗೆ ಯಂತ್ರದ ಭಾಷೆ ಬರಬೇಕಾಗಿಲ್ಲ. 'ಗಾಡಿ ಎಳೀತಿಲ್ಲ' ಎನ್ನುತ್ತಾರೆ, 'ಒಂಥರಾ ಆಡ್ತದೆ' ಎನ್ನುತ್ತಾರೆ. ಅದನ್ನು ಬಿಡಿಸುವುದು ಪ್ರಶ್ನೆಗಳಿಂದ. ಯಾವಾಗಿನಿಂದ? ಇಂಜಿನ್ ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ? ಏರಿನಲ್ಲೋ ಸಮತಟ್ಟಿನಲ್ಲೋ? ಯಾವ ಗೇರಿನಲ್ಲಿ, ಎಷ್ಟು ವೇಗದಲ್ಲಿ? ಎ.ಸಿ. ಹಾಕಿದಾಗಲೋ? ಮಳೆಯಲ್ಲೋ? ಮೀಟರಿನಲ್ಲಿ ಯಾವುದಾದರೂ ದೀಪ ಉರಿಯಿತೇ? ಆಗುಂಬೆ ಘಾಟಿ ಹತ್ತುವವನ ತೊಂದರೆ ಬೇರೆ, ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವವನ ತೊಂದರೆ ಬೇರೆ. ಆದರೆ ಪೊಲೀಸ್ ವಿಚಾರಣೆಯಂತೆ ಒಂದರ ಹಿಂದೆ ಒಂದು ಪ್ರಶ್ನೆ ಎಸೆಯಬಾರದು. ಮೊದಲು ಅವರ ಮಾತು ಪೂರ್ತಿ ಮುಗಿಯಲಿ. ಮುಗಿಯುವ ಮೊದಲೇ 'ಅದೆಲ್ಲಾ ಕಾಮನ್ ಸಾರ್' ಎಂದು ಬಾಯಿ ಹಾಕುವವರನ್ನು ನಾನು ಬಹಳ ಜನ ನೋಡಿದ್ದೇನೆ. ಆ ಒಂದು ವಾಕ್ಯದಿಂದ ಗಿರಾಕಿಯ ಅರ್ಧ ನಂಬಿಕೆ ಹೋಗುತ್ತದೆ.

ಇಲ್ಲಿ ಸಹೋದರಿಯರ ಪರವಾಗಿ ಒಂದು ಮಾತು. ಗಾಡಿ ಓಡಿಸಿಕೊಂಡು ಬಂದವರು ಹೆಂಗಸು, ಜೊತೆಯಲ್ಲಿ ಬಂದವರು ಅವರ ತಮ್ಮನೋ ಯಜಮಾನರೋ ಆಗಿದ್ದರೆ, ಕೌಂಟರಿನ ಹುಡುಗ ಪ್ರಶ್ನೆಯನ್ನೆಲ್ಲ ಗಂಡಸಿನ ಕಡೆ ತಿರುಗಿ ಕೇಳುತ್ತಾನೆ. ಗಾಡಿಯ ದೋಷ ಗೊತ್ತಿರುವುದು ದಿನವೂ ಓಡಿಸುವವರಿಗೆ. ಅವರನ್ನೇ ಮೇಡಂ ಎಂದು ಗೌರವದಿಂದ ಕೇಳಬೇಕು. ಇದು ಸಭ್ಯತೆಯೂ ಹೌದು, ಸರಿಯಾದ ಮಾಹಿತಿ ಸಿಗುವ ದಾರಿಯೂ ಹೌದು.

ಮೂರನೆಯದು ಗೌರವದ ಭಾಷೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ನಮ್ಮ ಮಕ್ಕಳು ತಿಳಿಯದೆ ಎಡವುವುದು ಇಲ್ಲೇ. ನಮ್ಮ ಮನೆಗಳಲ್ಲಿ ಆಡುವ ದಖನಿಯಲ್ಲಿ ದೊಡ್ಡವರಿಗೂ 'ತುಮ್' ಎನ್ನುವುದುಂಟು. ಅದರಲ್ಲಿ ಅಗೌರವವಿಲ್ಲ, ಸಲುಗೆ ಇದೆ. ಆದರೆ ಉತ್ತರ ಭಾರತದಿಂದ ಬಂದ ಅಧಿಕಾರಿಯೊಬ್ಬರಿಗೆ 'ತುಮ್ ಕಲ್ ಆವ್' ಎಂದರೆ ಅವರಿಗೆ ಅದು ಏಕವಚನದಂತೆ ಕೇಳುತ್ತದೆ. ಅಲ್ಲಿ 'ಆಪ್ ಕಲ್ ತಶ್ರೀಫ್ ಲಾಯಿಯೇ' ಎಂದು ಉರ್ದು ತರಗತಿಯಲ್ಲಿ ಕಲಿತದ್ದು ಕೆಲಸಕ್ಕೆ ಬರಬೇಕು. ಅಷ್ಟು ಬೇಡವೆಂದರೆ 'ಆಪ್ ಕಲ್ ಆಯಿಯೇ' ಸಾಕು. ಕನ್ನಡದಲ್ಲೂ ಹಾಗೆಯೇ. 'ಸಾರ್, ನೀನು ನಾಳೆ ಬಾ' ಎಂದೋ, 'ನೀವು ಬರ್ತೀಯಾ' ಎಂದೋ ನಮ್ಮ ಹುಡುಗರು ಹೇಳುವುದನ್ನು ಕೇಳಿದ್ದೇನೆ. ಹೇಳಿದವನ ಮನಸ್ಸಿನಲ್ಲಿ ಗೌರವವಿದೆ, ಕ್ರಿಯಾಪದದಲ್ಲಿ ಇಲ್ಲ. ಕೇಳಿದವರಿಗೆ ಮನಸ್ಸು ಕಾಣುವುದಿಲ್ಲ, ಕ್ರಿಯಾಪದ ಕೇಳಿಸುತ್ತದೆ. 'ನೀವು' ಎಂದ ಮೇಲೆ 'ಬನ್ನಿ', 'ಕೊಡಿ', 'ಬರ್ತೀರಾ', 'ಹೇಳಿದ್ರಲ್ಲ' ಎಂದೇ ಮುಗಿಯಬೇಕು. ಹತ್ತು ದಿನ ಬಾಯಿಪಾಠ ಮಾಡಿಸಿದರೆ ನಾಲಿಗೆಗೆ ಕೂರುತ್ತದೆ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಹೊಂದಾಣಿಕೆ ಎಂದು ವ್ಯಾಕರಣದಲ್ಲಿ ಕಲಿಸುವುದು ಅಂಕಕ್ಕಾಗಿ ಮಾತ್ರವಲ್ಲ ಎಂಬುದು ಕೌಂಟರಿನಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಕಡೆಯಿಂದ ನೋಡಿದರೆ ನಮ್ಮ ಮಕ್ಕಳ ಕೈಯಲ್ಲಿ ಇರುವ ಬಂಡವಾಳವೂ ಇದೇ. ಮನೆಯಲ್ಲಿ ದಖನಿ, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು ಮತ್ತು ಇಂಗ್ಲಿಷ್, ಸಿನಿಮಾದಿಂದ ಹಿಂದಿ, ಕೆಲವು ಕಡೆ ನೆರೆಮನೆಯ ತಮಿಳು, ತೆಲುಗು. ಒಬ್ಬನೇ ಹುಡುಗ ನಾಲ್ಕು ಭಾಷೆಯ ಗಿರಾಕಿಯನ್ನು ವಿಚಾರಿಸಬಲ್ಲ. ಹುಬ್ಬಳ್ಳಿ ಕಡೆಯವರು ಬಂದರೆ 'ಬರ್ರಿ ಸರ್' ಎಂದು, ಮಲೆನಾಡಿನ ಹಿರಿಯರು ಬಂದರೆ 'ಬನ್ನಿ, ಕೂತ್ಕೊಳ್ಳಿ' ಎಂದು ಬರಮಾಡಿಕೊಳ್ಳಬಲ್ಲ. ಯಾವ ಸಂಸ್ಥೆಗೆ ಇಂಥವನು ಬೇಡ? ನಾಲ್ಕನ್ನೂ ಅರ್ಧಂಬರ್ಧ ಇಟ್ಟುಕೊಂಡಿರುವುದೇ ನಮ್ಮ ಕೊರತೆ. ಒಂದರಲ್ಲಾದರೂ ತಪ್ಪಿಲ್ಲದೆ ಬರೆಯಲು, ಎರಡರಲ್ಲಿ ಗೌರವದಿಂದ ಮಾತನಾಡಲು ಬಂದರೆ ಕೌಂಟರಿನ ಬಾಗಿಲು ತೆರೆದಂತೆ.

ನಾಲ್ಕನೆಯದು ಕೊಟ್ಟ ಮಾತು. ಗಿರಾಕಿಗಳು ಯಾವ ಸೇವೆಯನ್ನು ಒಳ್ಳೆಯದು ಎನ್ನುತ್ತಾರೆ ಎಂಬುದನ್ನು ಅಮೆರಿಕದಲ್ಲಿ ಪರಶುರಾಮನ್, ಝೈಥಾಮಲ್, ಬೆರಿ ಎಂಬ ಮೂವರು ವಿದ್ವಾಂಸರು 1980ರ ದಶಕದಲ್ಲಿ ಅಧ್ಯಯನ ಮಾಡಿ, 1988ರಲ್ಲಿ ಅಳತೆಯ ಒಂದು ವಿಧಾನವನ್ನೇ ಪ್ರಕಟಿಸಿದರು. ಕಣ್ಣಿಗೆ ಕಾಣುವ ಅಚ್ಚುಕಟ್ಟು, ಹೇಳಿದಂತೆ ನಡೆಯುವುದು, ತಡಮಾಡದೆ ಸ್ಪಂದಿಸುವುದು, ನಂಬಿಕೆ ಹುಟ್ಟಿಸುವ ತಿಳಿವಳಿಕೆ, ಗಿರಾಕಿಯ ಕಷ್ಟ ಅರಿಯುವುದು ಎಂದು ಐದು ಅಂಶಗಳನ್ನು ಅವರು ಗುರುತಿಸಿದರು. ಅವರ ಅಧ್ಯಯನಗಳಲ್ಲಿ ಗಿರಾಕಿಗಳು ಎಲ್ಲಕ್ಕಿಂತ ಹೆಚ್ಚು ತೂಕ ಕೊಟ್ಟದ್ದು ಹೇಳಿದಂತೆ ನಡೆಯುವುದಕ್ಕೆ. ನೆಲಕ್ಕೆ ಹಾಸಿದ ಟೈಲ್ಸ್, ಎ.ಸಿ. ಕೋಣೆ, ಕೊಡುವ ಕಾಫಿ ಇವೆಲ್ಲ ಅದರ ನಂತರ.

ಆದರೆ ನಮ್ಮ ಬಾಯಲ್ಲಿ ಬರುವ ಮಾತು ಎಂಥದು? 'ಆಗುತ್ತೆ ಬಿಡಿ', 'ನೋಡಣ', 'ಸಂಜೆ ಕೊಡ್ತೀವಿ', 'ಅಭೀ ಹೋಜಾತಾ'. ಸಂಜೆ ಎಂದರೆ ನಾಲ್ಕೋ ಏಳೋ? ಸಾಗರದಿಂದ ಬಸ್ಸಿನಲ್ಲಿ ಬಂದು ಗಾಡಿಗಾಗಿ ಕಾಯುವವರಿಗೆ ಈ ವ್ಯತ್ಯಾಸ ದೊಡ್ಡದು. ಐದೂವರೆ ಎಂದರೆ ಐದೂವರೆ. ಆಗುವುದಿಲ್ಲ ಎಂದು ಮೂರು ಗಂಟೆಗೇ ಗೊತ್ತಾದರೆ ಮೂರು ಗಂಟೆಗೇ ನಾವಾಗಿ ಫೋನ್ ಮಾಡಿ, ಕಾರಣ ಹೇಳಿ, ಹೊಸ ಸಮಯ ಕೊಡಬೇಕು. ಕೆಟ್ಟ ಸುದ್ದಿಯನ್ನು ಮುಂಚೆ ಹೇಳಿದರೆ ಗಿರಾಕಿ ಬೇಸರ ಮಾಡಿಕೊಳ್ಳುತ್ತಾರೆ. ಅವರು ಬಂದು ನಿಂತ ಮೇಲೆ ಹೇಳಿದರೆ ಸಿಟ್ಟಾಗುತ್ತಾರೆ.

ಐದನೆಯದು ಹಣದ ಮಾತು. ಜಗಳದ ಮೂಲ ಬಹುಪಾಲು ಇಲ್ಲಿದೆ. ಹೊಸ ಕಾರಿಗೆ ಮೊದಲ ಕೆಲವು ಸರ್ವಿಸ್ ಉಚಿತ ಎಂದಿರುತ್ತದೆ. ಉಚಿತವೆಂದರೆ ಸಾಮಾನ್ಯವಾಗಿ ಕೂಲಿ ಮಾತ್ರ, ಬದಲಾಯಿಸಿದ ಆಯಿಲ್, ಫಿಲ್ಟರ್‌ಗೆ ಹಣ ಕೊಡಬೇಕು. ಇದನ್ನು ಮೊದಲೇ ಹೇಳದೆ ಬಿಲ್ ಕೊಟ್ಟರೆ ಗಿರಾಕಿ ಮೋಸ ಎನ್ನದೆ ಇನ್ನೇನು ಎಂದಾರು? ಬಿಡಿ ಭಾಗಕ್ಕೆ ಎಷ್ಟು, ಕೂಲಿಗೆ ಎಷ್ಟು, ತೆರಿಗೆ ಎಷ್ಟು ಎಂದು ಬಿಡಿಸಿ ಹೇಳಬೇಕು. 4,500 ರೂಪಾಯಿ ಎಂದು ಅಂದಾಜು ಕೊಟ್ಟ ಮೇಲೆ ಅದು 7,000ಕ್ಕೆ ಏರುವಂತಿದ್ದರೆ, ಕೆಲಸ ಮಾಡುವ ಮೊದಲೇ ಒಪ್ಪಿಗೆ ಪಡೆಯಬೇಕು. ಬಿಚ್ಚಿದ ಹಳೆಯ ಭಾಗವನ್ನು ತೋರಿಸಬೇಕು. ಈಗಲೇ ಆಗಬೇಕಾದದ್ದು, ಮುಂದಿನ ಸರ್ವಿಸ್‌ವರೆಗೆ ಕಾಯಬಹುದಾದದ್ದು, ಬೇಡದ್ದು ಎಂದು ಬೇರೆ ಬೇರೆ ಮಾಡಿ ಹೇಳಬೇಕು. ಬ್ರೇಕಿನ ವಿಷಯವನ್ನೂ ಸುಗಂಧ ಸ್ಪ್ರೇಯ ವಿಷಯವನ್ನೂ ಒಂದೇ ದನಿಯಲ್ಲಿ ಹೇಳಿದರೆ ಮುಂದೆ ಬ್ರೇಕಿನ ಎಚ್ಚರಿಕೆಯನ್ನೂ ಜನ ನಂಬುವುದಿಲ್ಲ.

ಈ ಉದ್ಯೋಗಕ್ಕೆ ಸೇರುವವರು ಒಂದು ಇತಿಹಾಸ ತಿಳಿದಿರಬೇಕು. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಗ್ರಾಹಕ ವ್ಯವಹಾರಗಳ ಇಲಾಖೆಯವರು, ಸಿಯರ್ಸ್ ಎಂಬ ಬಹುದೊಡ್ಡ ಕಂಪನಿಯ ಕಾರು ದುರಸ್ತಿ ಕೇಂದ್ರಗಳಿಗೆ ಗಿರಾಕಿಗಳ ವೇಷದಲ್ಲಿ ಹೋಗಿ ಪರೀಕ್ಷೆ ಮಾಡಿದರು. ಅಗತ್ಯವಿಲ್ಲದ ದುರಸ್ತಿಗಳನ್ನು ಗಿರಾಕಿಗಳ ತಲೆಗೆ ಕಟ್ಟಲಾಗುತ್ತಿದೆ ಎಂದು 1992ರಲ್ಲಿ ಆರೋಪ ಹೊರಿಸಿದರು. ಅಲ್ಲಿನ ಸರ್ವಿಸ್ ಅಡ್ವೈಸರುಗಳಿಗೆ ಮಾರಿದಷ್ಟಕ್ಕೆ ಕಮಿಷನ್ ಮತ್ತು ಇಂತಿಷ್ಟು ಮಾರಲೇಬೇಕೆಂಬ ಗುರಿ ಇತ್ತು. ಸುದ್ದಿ ಹೊರಬಂದ ಮೇಲೆ ಕಂಪನಿ ಅಡ್ವೈಸರುಗಳ ಕಮಿಷನ್ ಪದ್ಧತಿಯನ್ನು ನಿಲ್ಲಿಸಬೇಕಾಯಿತು. ನಮ್ಮಲ್ಲೂ ಕೌಂಟರಿನವರಿಗೆ ಹೆಚ್ಚುವರಿ ಕೆಲಸ, ಹೆಚ್ಚುವರಿ ದ್ರಾವಣ ಮಾರಿದರೆ ಪ್ರೋತ್ಸಾಹಧನ ಕೊಡುವ ಕಡೆಗಳಿವೆ. ತಿಂಗಳ ಕೊನೆಯ ವಾರದಲ್ಲಿ ಗುರಿ ಮುಟ್ಟಿರದ ಹುಡುಗನ ನಾಲಿಗೆ ಯಾವ ಕಡೆ ಹೊರಳುತ್ತದೆ ಎಂದು ಊಹಿಸಿ. ಅಂಥ ಹೊತ್ತಿನಲ್ಲಿ 'ಇದು ಈಗ ಬೇಡ ಸಾರ್, ಆರು ತಿಂಗಳು ಬಿಟ್ಟು ನೋಡೋಣ' ಎಂದು ಹೇಳಬಲ್ಲವನನ್ನು ಗಿರಾಕಿ ಮರೆಯುವುದಿಲ್ಲ. ಮುಂದಿನ ಸಲ ಬಂದಾಗ ಅವನ ಹೆಸರನ್ನೇ ಹಿಡಿದು ಕೇಳುತ್ತಾರೆ.

ಕಾನೂನೂ ಇದೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಜಾಗಕ್ಕೆ ಬಂದ 2019ರ ಹೊಸ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಸೇವೆಯಲ್ಲಿ ನ್ಯೂನತೆಯಾದರೆ ಗಿರಾಕಿ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಮಾಡಿದ ಸೇವೆಗೆ ಬಿಲ್ ಕೊಡದಿರುವುದೂ ಈ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಆಯೋಗದ ಮುಂದೆ ಮೊದಲು ಕೇಳುವುದು ಕಾಗದವನ್ನು. ಸರಿಯಾಗಿ ಬರೆದ ಜಾಬ್ ಕಾರ್ಡ್ ಗಿರಾಕಿಯನ್ನೂ ಕಾಯುತ್ತದೆ, ಬರೆದವನನ್ನೂ ಕಾಯುತ್ತದೆ.

ಸಿಟ್ಟಿನ ಗಿರಾಕಿಯ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ದಿನಕ್ಕೆ ಹತ್ತು ಹನ್ನೆರಡು ಜನರ ಸಿಟ್ಟನ್ನು ನಗುಮುಖದಿಂದ ತಡೆದುಕೊಳ್ಳುವುದು ಕೂಡ ಒಂದು ದುಡಿಮೆಯೇ. ಆರ್ಲಿ ಹಾಕ್‌ಶೀಲ್ಡ್ ಎಂಬ ಸಮಾಜಶಾಸ್ತ್ರಜ್ಞೆ ವಿಮಾನದ ಪರಿಚಾರಿಕೆಯರನ್ನು ಅಧ್ಯಯನ ಮಾಡಿ 1983ರಲ್ಲಿ ಬರೆದ ಪುಸ್ತಕದಲ್ಲಿ ಇದನ್ನು ಭಾವನೆಯ ದುಡಿಮೆ ಎಂದು ಕರೆದರು. ತರಗತಿಯಲ್ಲಿ ನಿಲ್ಲುವ ನಮಗೂ ಇದರ ಪರಿಚಯವಿದೆ. ಸಿಟ್ಟಾದವರ ಮಾತು ಮುಗಿಯಲು ಬಿಡುವುದು, ಅವರ ದೂರನ್ನು ನಮ್ಮ ಬಾಯಿಂದ ಒಮ್ಮೆ ಹೇಳುವುದು, ಮುಂದೆ ಏನು ಮಾಡುತ್ತೇವೆ, ಯಾವಾಗ ಮಾಡುತ್ತೇವೆ ಎಂದು ತಿಳಿಸುವುದು, ಇವು ಕಲಿಸಿದರೆ ಬರುವ ಕೌಶಲಗಳು. ಹಾಗೆಂದು ಬೈಗುಳ ತಿನ್ನುವುದೇ ಕರ್ತವ್ಯ ಎಂದು ಮಕ್ಕಳಿಗೆ ಹೇಳಬಾರದು. ಮಾತು ಮಿತಿ ಮೀರಿದಾಗ ಮ್ಯಾನೇಜರು ಎದ್ದು ಬಂದು ತನ್ನ ಸಿಬ್ಬಂದಿಯ ಪಕ್ಕದಲ್ಲಿ ನಿಲ್ಲಬೇಕು. ತರಬೇತಿ ಹುಡುಗರಿಗೆ ಮಾತ್ರ ಸಾಲದು, ಮ್ಯಾನೇಜರಿಗೂ ಬೇಕು.

ಇವನ್ನೆಲ್ಲ ಕಲಿಸುವುದು ಹೇಗೆ? ಒಂದು ದಿನದ ಉಪನ್ಯಾಸದಿಂದ, ಗೋಡೆಯ ಮೇಲೆ 'ಗ್ರಾಹಕರೇ ದೇವರು' ಎಂದು ಬರೆಯುವುದರಿಂದ ಬರುವುದಿಲ್ಲ. ಬಿ.ಎಡ್. ಓದಿದ ಸಹೋದ್ಯೋಗಿಗಳಿಗೆ ಸೂಕ್ಷ್ಮ ಬೋಧನೆ ನೆನಪಿರಬೇಕು. 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಪದ್ಧತಿ ಅದು. ಒಂದು ಸಲಕ್ಕೆ ಒಂದೇ ಕೌಶಲ. ನಮ್ಮ ದೇಶದ ಮಾದರಿಯಲ್ಲಿ 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ, ಒಟ್ಟು 36 ನಿಮಿಷ. ನಾನು ಕೌಂಟರಿನ ಹುಡುಗರಿಗೆ ಇದನ್ನೇ ಮಾಡಿಸಿದೆ. ಒಬ್ಬ ಗಿರಾಕಿ, ಒಬ್ಬ ಅಡ್ವೈಸರ್, ಉಳಿದವರು ನೋಡುವವರು. ಒಂದು ಸಂಜೆ ಬರಮಾಡಿಕೊಳ್ಳುವುದು ಮಾತ್ರ. ಇನ್ನೊಂದು ಸಂಜೆ ದೂರು ಬರೆದು ಓದಿ ಹೇಳುವುದು. ಮತ್ತೊಂದು ಸಂಜೆ 'ಇವತ್ತು ಗಾಡಿ ಸಿಗುವುದಿಲ್ಲ' ಎಂದು ಫೋನಿನಲ್ಲಿ ಹೇಳುವುದು. ಜಾಬ್ ಕಾರ್ಡ್ ಬರೆದ ಮೇಲೆ ಅದನ್ನು ಲಿಫ್ಟಿನ ಕೆಳಗಿನ ಹುಡುಗನ ಕೈಗೆ ಕೊಟ್ಟು, 'ಇದನ್ನು ಓದಿ ನಿನಗೆ ಏನು ತಿಳಿಯಿತು' ಎಂದು ಕೇಳುತ್ತಿದ್ದೆವು. ಅವನಿಗೆ ತಿಳಿಯದಿದ್ದರೆ ಕಾರ್ಡ್ ಮತ್ತೆ ಬರೆಯಬೇಕು. ಆ ಪರೀಕ್ಷೆಗಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಎರಡನೆಯ ವರ್ಷ, ಪ್ರತಿ ಸಂಜೆ ಕಾರ್ಡ್ ಓದಿ ತಪ್ಪು ಹುಡುಕುತ್ತಿದ್ದ ಆ ಮೆಕ್ಯಾನಿಕ್ ಹುಡುಗರಲ್ಲಿ ಇಬ್ಬರು ತಾವೇ ಬರೆಯುತ್ತೇವೆಂದು ಮುಂದೆ ಬಂದರು.

ಕೊನೆಯದಾಗಿ ಮೂರು ವಿನಂತಿಗಳು. ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ, ಐ.ಟಿ.ಐ. ಅಥವಾ ಆಟೋಮೊಬೈಲ್ ಡಿಪ್ಲೊಮಾ ಸೇರಿದ ಕೂಡಲೇ ಭಾಷೆಯ ಪುಸ್ತಕವನ್ನು ಅಟ್ಟಕ್ಕೆ ಹಾಕಬೇಡಿ. ವಾಹನ ಉದ್ಯಮಕ್ಕೆಂದೇ 2011ರಲ್ಲಿ ಹುಟ್ಟಿದ ಎ.ಎಸ್.ಡಿ.ಸಿ. ಎಂಬ ಕೌಶಲ ಮಂಡಳಿ ಮೆಕ್ಯಾನಿಕ್ ಕೆಲಸಕ್ಕಿರುವಂತೆ ಸರ್ವಿಸ್ ಅಡ್ವೈಸರ್ ಕೆಲಸಕ್ಕೂ ಮಾನದಂಡ ರೂಪಿಸಿದೆ. ಅಂದರೆ ಇದೊಂದು ಕಲಿತು ಪ್ರಮಾಣಪತ್ರ ಪಡೆಯುವ ವೃತ್ತಿ. ಪೋಷಕರಲ್ಲಿ ವಿನಂತಿ, ಇದು ಗಂಡುಮಕ್ಕಳಿಗೆ ಮಾತ್ರ ಎಂದು ತಿಳಿಯಬೇಡಿ. ಸರ್ವಿಸ್ ನೆನಪಿಸುವ ಫೋನ್, ಸ್ವಾಗತ, ದೂರು ವಿಭಾಗ, ಅಡ್ವೈಸರ್ ಕುರ್ಚಿ ಎಲ್ಲದರಲ್ಲೂ ಹೆಣ್ಣುಮಕ್ಕಳು ದುಡಿಯುತ್ತಿದ್ದಾರೆ. ನಿಮ್ಮ ಮಗಳ ಕೈಬರಹ, ಸಹನೆ, ಲೆಕ್ಕ ಇಲ್ಲಿ ಸಲ್ಲುತ್ತವೆ. ಸಂಘದ ಹಿರಿಯರಲ್ಲಿ ವಿನಂತಿ, ಬೇಸಿಗೆ ರಜೆಯಲ್ಲಿ ಎರಡು ತಿಂಗಳ ಒಂದು ತರಗತಿ ನಡೆಸೋಣ. ಸಂಜೆ ಒಂದೂವರೆ ಗಂಟೆ ಸಾಕು. ಊರಿನ ಡೀಲರುಗಳಿಂದ ಹಳೆಯ ಜಾಬ್ ಕಾರ್ಡ್ ನಮೂನೆ ಕೇಳಿ ತರೋಣ.

ಆ ತರಗತಿಗೆ ಸ್ವಂತ ಗ್ಯಾರೇಜು ಇಟ್ಟುಕೊಂಡಿರುವ ಉಸ್ತಾದರನ್ನೂ ಕರೆಯೋಣ. ಅವರ ಗಿರಾಕಿ ಡೀಲರ್ ಕಡೆ ಹೋಗುತ್ತಿರುವುದಕ್ಕೆ ಸ್ಕ್ಯಾನರ್ ಒಂದೇ ಕಾರಣವಲ್ಲ. ಅಲ್ಲಿ ಹೇಳಿದ ಸಮಯವಿದೆ, ಬರೆದ ಕಾಗದವಿದೆ, ಬಿಡಿಸಿದ ಬಿಲ್ ಇದೆ. ಇವುಗಳಿಗೆ ಲಕ್ಷಗಟ್ಟಲೆ ಬಂಡವಾಳ ಬೇಡ. ನೂರು ಹಾಳೆಯ ಒಂದು ಬಿಲ್ ಪುಸ್ತಕ, ಒಂದು ಪೆನ್ನು, ಅದನ್ನು ಹಿಡಿಯಬಲ್ಲ ಒಬ್ಬ ಓದಿದ ಮಗನೋ ಮಗಳೋ ಇದ್ದರೆ ಸಣ್ಣ ಗ್ಯಾರೇಜೂ ಇದನ್ನೆಲ್ಲ ಕೊಡಬಲ್ಲದು. ಉಸ್ತಾದರ ಕಿವಿಗೆ ಮಕ್ಕಳ ಲೇಖನಿ ಜೊತೆಯಾದರೆ ಆ ಅಂಗಡಿಯ ಬಾಗಿಲು ಬೇಗ ಮುಚ್ಚುವುದಿಲ್ಲ.

ಇಷ್ಟು ಹೊತ್ತು ತಾಳ್ಮೆಯಿಂದ ಆಲಿಸಿದ್ದೀರಿ. ಆಲಿಸುವುದೇ ಈ ವೃತ್ತಿಯ ಮೊದಲ ಪಾಠವಾದ್ದರಿಂದ ಇಲ್ಲಿರುವ ಎಲ್ಲರೂ ಅದರಲ್ಲಿ ಉತ್ತೀರ್ಣರು ಎಂದು ಭಾವಿಸುತ್ತೇನೆ.